ಸೇತುವೆ ಇಂಜಿನಿಯರರಿಗೆ ನಾನು ಹೆಂಡತಿಯಾದದ್ದು

ನನಗೆ ಸಿಟ್ಟು ಜಾಸ್ತಿ ಎಂದು ನಮ್ಮ ಗಲ್ಲಿಯಲ್ಲಿ ಹೇಳಿಕೊಂಡು ತಿರುಗುವವರೆಲ್ಲ ಸುಳ್ಳರು. ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು, ಸಕಿರಾನ್, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ನನ್ನ ಪಾಡಿಗೆ ನಾನಿರುವ ಮನುಷ್ಯ. ಸಿಟ್ಟು ಬರಿಸುವ ಕೆಲಸ ಬೇರೆಯವರು ಮಾಡುತ್ತಾರೆ, ನಾನು ಬರೀ ಸಿಟ್ಟಾಗುತ್ತೇನೆ. ಇದರಲ್ಲಿ ತಪ್ಪು ಯಾರದ್ದೆಂದು ನೀವೇ ಹೇಳಿ.

ಅವತ್ತೂ ಹಾಗೆಯೇ ಆಯಿತು. ನಮ್ಮ ಕೆಡುಂಗ್‌ವಾರು ಊರಿನ ಹಳೇ ಸೇತುವೆಯ ಬುಡದಲ್ಲಿ ನನ್ನ ಹೆಂಡತಿ ಲಸ್ಮಿನಿಯ ರುಜಾಕ್ ಅಂಗಡಿ ಇದೆ. ಅಂಗಡಿ ಎಂದರೆ ನಾಲ್ಕು ಬಿದಿರಿನ ಕಂಬ, ಮೇಲೊಂದು ತಗಡು, ಗಿರಾಕಿಗಳಿಗೆ ಒಂದು ಬೆಂಚು, ನಡುವೆ ಅವಳ ತಟ್ಟೆಯಂಥ ಅಗಲವಾದ ಒರಳುಕಲ್ಲು. ಅವಳ ಅಮ್ಮನೂ ಅಲ್ಲೇ ಕೂತು ಅರೆದವಳು. ಕಡಲೆಕಾಯಿ, ಮೆಣಸಿನಕಾಯಿ, ಸೀಗಡಿಯ ಕಪ್ಪು ಗೊಜ್ಜು ಹಾಕಿ ಅವಳು ಒಂದು ಸಲ ಅರೆದಳೆಂದರೆ ಸೇತುವೆ ದಾಟುತ್ತಿರುವವನ ಕಾಲು ತಾನಾಗಿ ನಿಲ್ಲುತ್ತದೆ. ಆಮೇಲೆ ಅವನ ತಟ್ಟೆಗೆ ಕಾಯಿಮಾವು, ಸೌತೆಕಾಯಿ, ಬೆಂದ ಸೊಪ್ಪು, ದನದ ಮೂತಿಯ ತುಂಡು ಎಲ್ಲ ಬೀಳುತ್ತವೆ. ನಮ್ಮ ಮನೆ ನಡೆಯುವುದು ಆ ಒರಳಿನಿಂದಲೇ ಹೊರತು ನನ್ನ ಹೊಲಿಗೆ ಯಂತ್ರಗಳಿಂದಲ್ಲ. ಇದನ್ನು ನಾನು ನಾಲ್ಕು ಜನರ ಮುಂದೆ ಒಪ್ಪುವುದಿಲ್ಲ.

ನಾನು ಬೆಳಗಿನ ಕಾಫಿಗೆ ಅಲ್ಲಿಗೆ ಹೋದರೆ, ತಲೆಗೆ ಹಳದಿ ಹೆಲ್ಮೆಟ್ ಹಾಕಿದವನೊಬ್ಬ ಸೇತುವೆಯ ಕಂಬಕ್ಕೆ ಕೆಂಪು ಬಣ್ಣದಲ್ಲಿ ಕತ್ತರಿ ಗುರುತು ಹಾಕುತ್ತಿದ್ದ. ಅದನ್ನು ಮುಗಿಸಿ ನಮ್ಮ ಅಂಗಡಿಯ ಬಿದಿರಿಗೂ ಒಂದು ಎಳೆದ.

"ಏನಯ್ಯಾ ಇದು? ನಿಮ್ಮಪ್ಪನ ಮನೆ ಗೋಡೆ ಅಂದ್ಕೊಂಡ್ಯಾ?" ಎಂದೆ ಶಾಂತವಾಗಿ.

"ಸೇತುವೆ ಒಡೀತಾರೆ ಪಾಕ್. ಅಗಲ ಸಾಲ್ತಿಲ್ಲ. ಹೊಸದು ಬಂದ್ರೆ ರಸ್ತೆ ನಿಮ್ಮ ಅಂಗಡಿ ಮೇಲೇ ಹೋಗುತ್ತೆ," ಎಂದ. ನಮ್ಮಲ್ಲಿ ಗಂಡಸರನ್ನು ಮರ್ಯಾದೆಗೆ ಪಾಕ್ ಎನ್ನುತ್ತಾರೆ, ಸಲಿಗೆಗೆ ಚಾಕ್.

ಲಸ್ಮಿನಿಯ ಕೈಯಲ್ಲಿದ್ದ ಅರೆಯುವ ಕಲ್ಲು ನಿಂತಿತು. ನಾನು ಅವಳನ್ನು ಮದುವೆಯಾದಾಗಿನಿಂದ ಅದು ಗಿರಾಕಿ ತಟ್ಟೆಗೆ ಕಾಯುತ್ತಿರುವಾಗ ನಿಂತದ್ದನ್ನು ನೋಡಿರಲಿಲ್ಲ. ನನ್ನ ತಲೆಗೆ ರಕ್ತವೇರಿತು.

"ಒಡೀತಾರಾ? ಈ ಸೇತುವೆ ಕಟ್ಟಿದ್ದು ಯಾರು ಅಂತ ಗೊತ್ತೇನಯ್ಯಾ ನಿಂಗೆ? ಇಂಜಿನಿಯರ್ ಸುರ್ಯೊಕುಸುಮೊ! ಡಚ್ಚರ ಕಾಲದಲ್ಲಿ ಡಚ್ಚರಿಗೇ ಪಾಠ ಹೇಳಿದ ಮಹಾನುಭಾವ! ಅವರ ಚರಿತ್ರೆ ನಮ್ಮ ಗಲ್ಲೀಲಿ ಹಾಲು ಕುಡಿಯೋ ಮಕ್ಕಳಿಗೂ ಬಾಯಿಪಾಠ ಇದೆ! ಕೇಳು ಬೇಕಾದ್ರೆ!"

ಸತ್ಯ ಹೇಳಬೇಕೆಂದರೆ, ನನಗೆ ಗೊತ್ತಿದ್ದದ್ದು ಆ ಹೆಸರೊಂದೇ. ಅದೂ ಸೇತುವೆಯ ಕಲ್ಲಿನ ಮೇಲೆ ಕೆತ್ತಿದ್ದರಿಂದ. ಕಲ್ಲಿನ ಉಳಿದರ್ಧದ ಮೇಲೆ ಲಸ್ಮಿನಿ ತಟ್ಟೆ ಒರೆಸುವ ಬಟ್ಟೆ ಒಣಹಾಕುತ್ತಿದ್ದುದರಿಂದ ಮುಂದಿನದನ್ನು ಯಾರೂ ಓದಿರಲಿಲ್ಲ. ಆದರೆ ಹೆಲ್ಮೆಟ್ಟಿನವನು ಬಣ್ಣದ ಡಬ್ಬ ಕೆಳಗಿಟ್ಟು, "ಹೌದಾ ಪಾಕ್? ನಮ್ಮ ತಾಲೂಕು ಸಾಹೇಬ್ರಿಗೆ ಚರಿತ್ರೆ ಅಂದ್ರೆ ಪ್ರಾಣ. ಈ ಸಲ ಸ್ವಾತಂತ್ರ್ಯದ ಹಬ್ಬಕ್ಕೆ ನಿಮ್ಮ ಗಲ್ಲಿಗೇ ಬರ್ತಿದಾರೆ. ಅವರಿಗೇ ಹೇಳಿ, ಮನಸ್ಸು ಮಾಡಿದ್ರೆ ಉಳಿಸ್ತಾರೆ" ಎಂದು ಹೇಳಿ ಹೋದ.

ಸಂಜೆಯೊಳಗೆ ಸುದ್ದಿ ಗಲ್ಲಿಯ ಮುಖ್ಯಸ್ಥರಾದ ಪಾಕ್ ಎರ್ತೆಯವರ ಕಿವಿಗೆ ಬಿತ್ತು. ಎರ್ತೆ ಎಂಬುದು ಹುದ್ದೆ; ಅವರಿಗೊಂದು ಹೆಸರಿದೆ, ಅದು ಅವರಿಗೇ ಮರೆತುಹೋಗಿದೆ. ಅವರು ಎಲ್ಲರನ್ನೂ ಮನೆಯ ಮುಂದೆ ಚಾಪೆ ಹಾಸಿ ಕೂರಿಸಿ, ಹುರಿದ ಬಾಳೆಕಾಯಿ ಹಂಚಿ, ಘೋಷಿಸಿದರು.

"ಚಾಕ್ ಸಕಿರಾನ್ ಇಂಜಿನಿಯರ್ ಸಾಹೇಬ್ರ ಚರಿತ್ರೆಯೆಲ್ಲ ಬಲ್ಲರು. ಈ ಸಲದ ಹಬ್ಬಕ್ಕೆ ಅದನ್ನೇ ಲುದ್ರುಕ್ ಆಡೋಣ. ಸಾಹೇಬ್ರು ನೋಡ್ಲಿ, ಸೇತುವೆ ಉಳೀಲಿ."

ನಮ್ಮ ಗಲ್ಲಿಯಲ್ಲಿ ಈ ಲುದ್ರುಕ್ ನಗೆನಾಟಕದ ಹಳೇ ಹುಲಿಯೊಬ್ಬ ಇದ್ದಾನೆ, ಚಾಕ್ ತಾರ್ಮುಜಿ ಎಂದು. ಪ್ರಾಯದಲ್ಲಿ ಊರೂರು ತಿರುಗಿ ಜನರ ಹೊಟ್ಟೆ ಹುಣ್ಣಾಗುವಂತೆ ನಗಿಸಿದವನು. ಈಗ ಹಲ್ಲಿಲ್ಲ, ಆದರೂ ಬಾಯಿ ಮುಚ್ಚುವುದಿಲ್ಲ. ಅವನು ನನ್ನ ಕಡೆ ತಿರುಗಿ, "ಹೇಳು, ಏನವನ ಕಥೆ?" ಎಂದ.

ನಾನು ಗಂಟಲು ಸರಿಮಾಡಿಕೊಂಡೆ. "ಹುಟ್ಟಿದರು. ಓದಿದರು. ಸೇತುವೆ ಕಟ್ಟಿದರು." ಸ್ವಲ್ಪ ಯೋಚಿಸಿ, "ತೀರಿಕೊಂಡರು" ಎಂದೂ ಸೇರಿಸಿದೆ.

"ಇದನ್ನ ಆಡಿದ್ರೆ ಸಾಹೇಬ್ರು ಕೂತಲ್ಲೇ ನಿದ್ದೆ ಹೊಡೀತಾರೆ. ಲುದ್ರುಕ್ ಅಂದ್ಮೇಲೆ ನಗಿಸ್ಬೇಕು. ಅವ್ನಿಗೆ ಹೆಂಡ್ತಿ ಇದ್ಳಾ?"

"ಇದ್ದಿರ್ಬೇಕು. ಜಕಾರ್ತಾದಲ್ಲಿ ಮೊಮ್ಮಗ ಇದಾನಂತಲ್ಲ," ಎಂದರು ಪಾಕ್ ಎರ್ತೆ.

"ಹಾಗಾದ್ರೆ ನಗು ಇದೆ ಬಿಡು," ಎಂದು ತಾರ್ಮುಜಿ ಬಾಳೆಕಾಯಿ ಬಾಯಿಗೆ ಹಾಕಿಕೊಂಡ.

ಅಲ್ಲಿಂದ ಶುರುವಾಯಿತು ನೋಡಿ ಸಂತೆ. ಇಂಜಿನಿಯರರ ಕಥೆ ಯಾರಿಗೂ ಗೊತ್ತಿಲ್ಲ, ಆದರೆ ಆ ಕಥೆಯಲ್ಲಿ ತಮ್ಮ ತಾತ ಏನು ಮಾಡಿದ್ದನೆಂದು ಗಲ್ಲಿಯ ಪ್ರತಿಯೊಬ್ಬನಿಗೂ ಗೊತ್ತಿದೆ. ಸೇತುವೆಗೆ ಜಾಗ ತೋರಿಸಿದ್ದು ಪಾಕ್ ಎರ್ತೆಯವರ ತಾತ. ಕಲ್ಲು ಆರಿಸಿದ್ದು ಮೀನು ಮಾರುವವಳ ತಾತ. ನದಿಯ ಸೆಳವು ಅಳೆದದ್ದು ಕ್ಷೌರಿಕನ ತಾತ. ಬಲಿಯೆಂದು ಕಂಬದ ಬುಡದಲ್ಲಿ ಹೂಳಿದ ಎಮ್ಮೆಯ ತಲೆ ಕಟುಕನ ತಾತ ಕೊಟ್ಟದ್ದು. ಅದು ಎಮ್ಮೆಯೋ ಕೋಣವೋ ಎಂದು ಇಬ್ಬರು ಕೈಕೈ ಮಿಲಾಯಿಸಿದರು. ಕೊನೆಗೆ ಎಲ್ಲರ ತಾತಂದಿರಿಗೂ ಕೆಲಸ ಹಂಚಿದ ಮೇಲೆ ಇಂಜಿನಿಯರರಿಗೆ ಉಳಿದದ್ದು ಕೊಡೆ ಹಿಡಿದು ನಿಲ್ಲುವ ಕೆಲಸ ಒಂದೇ.

"ಕೊಡೆ ಹಿಡಿಯೋಕೆ ಡಚ್ಚರು ಸಂಬಳ ಕೊಡ್ತಿದ್ರಾ?" ಎಂದು ನಾನು ಕಿರುಚಿದೆ.

"ಇಂಜಿನಿಯರ್ ಅಲ್ವಾ, ಮತ್ತೇನ್ ಮಾಡ್ತಾರೆ?" ಎಂದ ಕ್ಷೌರಿಕ.

ಹೋಗಲಿ, ಪಾತ್ರ ಹಂಚುವಾಗ ನನಗೆ ನ್ಯಾಯ ಸಿಗುತ್ತದೆಂದು ಸುಮ್ಮನಿದ್ದೆ. ಕಥೆ ಎಬ್ಬಿಸಿದವನು ನಾನು. ಯಂತ್ರದ ಕೆಲಸ ಬಲ್ಲವನು ನಾನು. ನಾನೂ ಒಂದು ಥರ ಇಂಜಿನಿಯರನೇ. ಆದರೆ ತಾರ್ಮುಜಿ ಇಂಜಿನಿಯರರ ಪಾತ್ರವನ್ನು ನನ್ನ ಭಾವಮೈದ ಖೋಲಿಕ್‌ಗೆ ಕೊಟ್ಟ. ಲಸ್ಮಿನಿಯ ತಮ್ಮ ಈ ಖೋಲಿಕ್. ಬೆಳಗ್ಗೆ ಅಕ್ಕನ ಬೆಂಚಿನ ಮೇಲೆ ಕೂತರೆ ಮಧ್ಯಾಹ್ನ ಅಲ್ಲೇ ಒರಗುವವನು. ಅವನಿಗೆ ಪಾತ್ರ ಸಿಕ್ಕಿದ್ದೇಕೆಂದರೆ ಗಲ್ಲಿಯಲ್ಲಿ ಬಿಳೀ ಬೂಟು ಇದ್ದದ್ದು ಅವನ ಹತ್ತಿರ ಮಾತ್ರ.

"ಮತ್ತೆ ನಾನು?"

ಲುದ್ರುಕ್‌ನಲ್ಲಿ ಹೆಂಗಸರ ಪಾತ್ರವನ್ನೂ ಗಂಡಸರೇ ಮಾಡುವುದು. ನಮ್ಮಲ್ಲಿ ಅದನ್ನು ಮಾಡುತ್ತಿದ್ದ ರೊಫಿಕ್ ಟೈಫಾಯ್ಡ್ ಬಂದು ಮಲಗಿದ್ದ. ತಾರ್ಮುಜಿ ಎದ್ದು ಬಂದು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

"ಇವ್ನೇ ಹೆಂಡ್ತಿ. ಮುಖದಲ್ಲಿ ಕಳೆ ಇದೆ. ಮೀಸೆ ಒಂದು ಹೋಗ್ಲಿ."

ನನಗೆ ಅವತ್ತು ಬಂದ ಸಿಟ್ಟಿಗೆ ಹೋಲಿಸಿದರೆ ಅದಕ್ಕೂ ಮುಂಚೆ ಬಂದಿದ್ದೆಲ್ಲ ಬರೀ ಕೆಮ್ಮು. ಚಾಪೆ ಒದ್ದೆ. ಬಾಳೆಕಾಯಿಯ ತಟ್ಟೆ ಹಾರಿತು. ತಾರ್ಮುಜಿಯ ವಂಶವನ್ನು, ಪಾಕ್ ಎರ್ತೆಯ ತಾತನನ್ನು, ಆ ಎಮ್ಮೆಯನ್ನು, ಎಲ್ಲವನ್ನೂ ಸೇರಿಸಿ ಬೈದು ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಹೊರಗೆ ಜನ ಚಪ್ಪಾಳೆ ತಟ್ಟುತ್ತಿದ್ದರು. "ನೋಡಿದ್ರಾ, ಈಗಲೇ ಹೆಂಡ್ತಿ ಥರಾನೇ ಮಾಡ್ದ" ಎಂದು ತಾರ್ಮುಜಿ ಹೇಳುತ್ತಿದ್ದದ್ದು ಕಿಟಕಿಯಿಂದ ಕೇಳಿಸಿತು.

ಲಸ್ಮಿನಿ ಒಳಗೆ ಬಂದಳು. ಅವಳ ಕೈಯಲ್ಲಿ ನನ್ನ ಕ್ಷೌರದ ಕತ್ತಿಯಿತ್ತು.

"ಪಾಕ್, ಮೀಸೆ ಬೇಕಾ, ಅಂಗಡಿ ಬೇಕಾ?"

"ಲಸ್ಮಿನಿ, ಮೀಸೆ ಗಂಡಸಿನ..."

"ನನ್ನ ಅಮ್ಮ ಕೂತ ಜಾಗ ಅದು. ಒರಳು ಎತ್ತಿಸಿಕೊಂಡು ಊರಾಚೆ ಹೋಗಿ ಕೂತ್ರೆ ನೊಣ ಕೂಡ ಬರಲ್ಲ. ಆಮೇಲೆ ನಿಮ್ಮ ಮೀಸೆ ಅರೆದು ಬಡಿಸ್ಲಾ?"

ಮೀಸೆ ಹೋಯಿತು. ಕನ್ನಡಿಯಲ್ಲಿ ನಮ್ಮ ಅತ್ತೆ ಕಂಡಳು.

ಅಭ್ಯಾಸದ ಮಾತು ಎತ್ತಬೇಡಿ. ಖೋಲಿಕ್ ಒಂದು ದಿನವೂ ತನ್ನ ಮಾತು ಪೂರ್ತಿ ಹೇಳಲಿಲ್ಲ. ಕಥೆಯ ಮುಖ್ಯ ದೃಶ್ಯವನ್ನು ತಾರ್ಮುಜಿ ತಲೆಯಿಂದ ಹುಟ್ಟಿಸಿದ್ದ. ಡಚ್ಚ ಅಧಿಕಾರಿ "ಈ ಸೇತುವೆ ಬೀಳುತ್ತೆ" ಎನ್ನುತ್ತಾನೆ. ಆಗ ಇಂಜಿನಿಯರರು "ಹಾಗಾದರೆ ಗಾಡಿಗಳು ಮೇಲೆ ಹೋಗಲಿ, ನಾನು ನನ್ನ ಹೆಂಡತಿಯ ಜೊತೆ ಕೆಳಗೆ ನಿಲ್ಲುತ್ತೇನೆ" ಎಂದು ಒಂದು ಉದ್ದನೆಯ ಭಾಷಣ ಮಾಡುತ್ತಾರೆ. ಹೆಂಡತಿ ಕಣ್ಣೊರೆಸಿಕೊಂಡು "ಹೂಂ" ಎನ್ನಬೇಕು. ಇಡೀ ಆಟದಲ್ಲಿ ನನಗೆ ಇದ್ದದ್ದು ಆ "ಹೂಂ" ಒಂದೇ. ಅದಕ್ಕಾಗಿ ಮೀಸೆ ಕೊಟ್ಟಿದ್ದೆ!

ಹಬ್ಬದ ಹಿಂದಿನ ದಿನ ಜಕಾರ್ತಾದಿಂದ ಇಂಜಿನಿಯರರ ಮೊಮ್ಮಗ ಪಾಕ್ ಹಾರ್ದೊನೊ ಕಾರಿನಲ್ಲಿ ಬಂದಿಳಿದರು. ಪಾಕ್ ಎರ್ತೆ ಹೆಮ್ಮೆಗೆಂದು ಆಹ್ವಾನ ಕಳಿಸಿದ್ದರು, ಬರುತ್ತಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಬಾತಿಕ್ ಅಂಗಿ, ಇಸ್ತ್ರಿ ಮಾಡಿದ ಮುಖ.

"ನಮ್ಮ ತಾತನ ಬಗ್ಗೆ ತಮಾಷೆ ಆಟ ಆಡ್ತಿದೀರಂತೆ?"

"ತಮಾಷೆ ಅಂದ್ರೆ ಪಾಕ್, ಗೌರವದ ತಮಾಷೆ," ಎಂದರು ಪಾಕ್ ಎರ್ತೆ.

"ನಮ್ಮ ತಾತ ಜೀವಮಾನದಲ್ಲಿ ಒಂದು ಸಲವೂ ನಕ್ಕಿಲ್ಲ. ನಮ್ಮ ಅಜ್ಜಿ ಒಂದು ಸಲವೂ ಗಟ್ಟಿಯಾಗಿ ಮಾತಾಡಿಲ್ಲ. ರಾಜಮನೆತನದ ಹೆಣ್ಣುಮಗಳು. ಅವರ ಒಂದೇ ಒಂದು ಫೋಟೋ ಇಲ್ಲ, ಅಷ್ಟು ಮರ್ಯಾದೆಯವರು! ನಾಳೆ ನಾನು ಮುಂದಿನ ಸಾಲಲ್ಲಿ ಕೂತಿರ್ತೀನಿ. ಒಂದು ಮಾತು ಆಚೀಚೆ ಆದ್ರೆ ಅಲ್ಲೇ ಎದ್ದು ನಿಲ್ಲಿಸ್ತೀನಿ. ಅಜ್ಜಿಯ ಪಾತ್ರ ಯಾರು ಮಾಡ್ತಿರೋದು?"

ಎಲ್ಲರೂ ನನ್ನನ್ನು ನೋಡಿದರು. ಆ ಮನುಷ್ಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಣ್ಣು ಮುಚ್ಚಿಕೊಂಡರು. ನಾನು ಬಾಯಿ ತೆರೆಯುವಷ್ಟರಲ್ಲಿ ಲಸ್ಮಿನಿ ನನ್ನ ಕಾಲು ತುಳಿದು ಹಿಡಿದಳು.

ಸಾಹೇಬರಿಗೆ ಸಂಜೆ ಬೇರೆ ಮೂರು ಊರುಗಳ ಕಾರ್ಯಕ್ರಮ ಇದ್ದದ್ದರಿಂದ ಆಟ ಮಟಮಟ ಮಧ್ಯಾಹ್ನಕ್ಕೆ. ತಗಡಿನ ಚಪ್ಪರದ ಕೆಳಗೆ ನನಗೆ ಬಿಗಿಯಾದ ಕೆಬಾಯ ರವಿಕೆ ಹಾಕಿ, ಸೊಂಟಕ್ಕೆ ಬಟ್ಟೆ ಸುತ್ತಿ, ಉಸಿರು ಬಿಡಬಾರದೆಂದು ಹೇಳಿ ಪಿನ್ನು ಚುಚ್ಚಿದರು. ತಲೆಗೆ ಕಟ್ಟಿದ ಸುಳ್ಳು ತುರುಬು ನಮ್ಮ ಒರಳಿನಷ್ಟೇ ಭಾರ. ಪೌಡರು ಬೆವರಿನ ಜೊತೆ ಕುತ್ತಿಗೆಗೆ ಇಳಿಯುತ್ತಿತ್ತು. ಇಡೀ ಗಲ್ಲಿ ಎದುರಿಗೆ ಕೂತಿತ್ತು. ಮುಂದಿನ ಸಾಲಿನಲ್ಲಿ ಗುಂಡಗಿನ ತಾಲೂಕು ಸಾಹೇಬರು, ಪಕ್ಕದಲ್ಲಿ ಸೆಟೆದ ಹಾರ್ದೊನೊ, ಹಿಂದೆ ಕ್ಯಾಮೆರಾ ಹಿಡಿದ ಕಚೇರಿಯವನು.

ತಾತಂದಿರೆಲ್ಲ ಒಬ್ಬೊಬ್ಬರಾಗಿ ಬಂದು ಸೇತುವೆ ಕಟ್ಟಿ ಹೋದರು. ಜನ ನಗಲಿಲ್ಲ, ತಮ್ಮ ತಾತ ಬಂದಾಗ ಮಾತ್ರ ಚಪ್ಪಾಳೆ ತಟ್ಟಿದರು. ಸಾಹೇಬರು ಆಕಳಿಸಿದರು. ಲಸ್ಮಿನಿ ಚಪ್ಪರದ ಅಂಚಿನಲ್ಲಿ ಮುಷ್ಟಿ ಬಿಗಿದು ನಿಂತಿದ್ದಳು. ಮುಖಕ್ಕೆ ಅಕ್ಕಿಹಿಟ್ಟು ಬಳಿದುಕೊಂಡು ಡಚ್ಚನಾಗಿದ್ದ ಪಾಕ್ ಎರ್ತೆ ಬಂದು "ಈ ಸೇತುವೆ ಬೀಳುತ್ತೆ!" ಎಂದು ಗರ್ಜಿಸಿದರು. ಈಗ ಖೋಲಿಕ್‌ನ ಭಾಷಣ.

ಖೋಲಿಕ್ ಗಾಜಿಲ್ಲದ ಕನ್ನಡಕದೊಳಗಿಂದ ಕಣ್ಣು ಪಿಳಿಪಿಳಿ ಬಿಟ್ಟ. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಆಮೇಲೆ ನನ್ನ ಕಡೆ ಬಾಗಿ, "ಭಾವ, ಮರ್ತೋಯ್ತು" ಎಂದ.

ಸಾಹೇಬರು ಕೈಗಡಿಯಾರ ನೋಡಿದರು.

ಅಷ್ಟೇ. ಆಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ, ನನ್ನ ಬಾಯಿಯನ್ನು ಕೇಳಿ.

"ಮರ್ತೋಯ್ತಾ? ಎಲಾ ಪಾಪಿ, ಮರ್ತೋಯ್ತಾ? ನಿನ್ನ ಕಟ್ಕೊಂಡು ನಾನು ಹಾಳಾದ್ನಲ್ಲೋ! ಬೆಳಗ್ಗೆ ಎದ್ರೆ ಬೆಂಚು, ಮಧ್ಯಾಹ್ನ ಆದ್ರೆ ಬೆಂಚು! ಊರಿಗೆಲ್ಲ ಸೇತುವೆ ಕಟ್ಟಿದಾನಂತೆ, ಮನೆ ಮೇಲೆ ಒಂದು ಹೆಂಚು ಹೊದಿಸಿದ್ಯಾ? ಮಳೆ ಬಂದ್ರೆ ನಮ್ಮನೇಲಿ ದೋಣಿ ಬೇಕು! ನದಿ ಮೇಲೆ ಕಾಲು ನೆನೀದೆ ನಡೀಬಹುದು, ನಿನ್ನ ಅಡಿಗೆಮನೇಲಿ ಆಗಲ್ಲ! ಈಗ ಸೇತುವೆ ಕೆಳಗೆ ಬಂದು ನಿಲ್ಲು ಅಂತೀಯಾ? ನಿಲ್ತೀನಿ ಕಣೋ! ಅಲ್ಲಾದ್ರೂ ಸೋರಲ್ಲ!"

ಮೀನಿನವಳು ಕುರ್ಚಿಯಿಂದ ಬಿದ್ದಳು. ಗಲ್ಲಿಗೆ ಗಲ್ಲಿಯೇ ನಕ್ಕಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು "ಅಯ್ಯೋ ಸಾಕು, ಅಯ್ಯೋ ಸಾಕು" ಎನ್ನುತ್ತಿದ್ದರು. ಅವರು ನಕ್ಕಷ್ಟೂ ನನಗೆ ಸಿಟ್ಟು ನೆತ್ತಿಗೇರಿತು. ನಾನು ವೇದಿಕೆಯ ಅಂಚಿಗೆ ಹೋದೆ.

"ನಗ್ತೀರಾ? ನೀವು ನಗ್ತೀರಾ? ನನ್ನ ಗಂಡ ಹಗಲೂ ರಾತ್ರಿ ಒದ್ದಾಡಿ ಕಟ್ಟಿದ ಸೇತುವೆಗೆ ಕೆಂಪು ಬಣ್ಣದಲ್ಲಿ ಗೀಟು ಹಾಕಿಸಿದವರು ಯಾರು? ನಿಮ್ಮ ಹೆಲ್ಮೆಟ್ಟಿನವನಲ್ವಾ? ಡಚ್ಚರು ಹೋದ್ರು, ಜಪಾನಿನವರು ಹೋದ್ರು, ಪ್ರವಾಹ ಬಂದು ಹೋಯ್ತು, ಯಾರ ಕೈಲೂ ಅಲ್ಲಾಡಿಸೋಕಾಗ್ಲಿಲ್ಲ. ಈಗ ಒಂದು ಡಬ್ಬ ಬಣ್ಣದಲ್ಲಿ ಬೀಳಿಸ್ತೀರಾ?"

ಸಾಹೇಬರ ನಗು ಅರ್ಧಕ್ಕೆ ನಿಂತಿತು. ಅವರು ಕಣ್ಣೊರೆಸಿಕೊಂಡು ನೆಟ್ಟಗೆ ಕೂತರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಹಾರ್ದೊನೊ ಕುರ್ಚಿ ಹಿಂದಕ್ಕೆ ತಳ್ಳಿ, ಮೆಟ್ಟಿಲೇರಿ ವೇದಿಕೆಗೇ ಬಂದುಬಿಟ್ಟರು.

"ನಿಲ್ಸಿ! ನಮ್ಮ ಅಜ್ಜಿ ಹೀಗೆ ಬಾಯಿ ಮಾಡ್ತಿರಲಿಲ್ಲ!"

ಆ ಹೊತ್ತಿಗೆ ನನಗೆ ಸಕಿರಾನ್ ಯಾರು, ಅಜ್ಜಿ ಯಾರು ಒಂದೂ ಗೊತ್ತಾಗುತ್ತಿರಲಿಲ್ಲ. ತುರುಬು ಕಣ್ಣಿನ ಮೇಲೆ ಜಾರಿತ್ತು.

"ಓಹೋ, ಬಂದ್ಯಾಪ್ಪಾ ಮೊಮ್ಮಗನೇ! ಇಷ್ಟು ವರ್ಷ ಎಲ್ಲಿ ಹೋಗಿದ್ದೆ? ತಾತ ಕಟ್ಟಿದ ಸೇತುವೆ ಮೇಲೆ ಒಂದು ಸಲ ಕಾಲಿಟ್ಟಿದ್ಯಾ? ಅಜ್ಜಿ ಸಮಾಧಿ ಮೇಲಿನ ಹುಲ್ಲು ಕಿತ್ತಿದ್ಯಾ? ಸೇತುವೆ ಒಡೀತಾರೆ ಅಂದಾಗ ಬರ್ಲಿಲ್ಲ, ತಮಾಷೆ ಮಾಡ್ತಾರೆ ಅಂದಾಗ ಕಾರು ತಗೊಂಡು ಓಡಿಬಂದ್ಯಾ? ದೊಡ್ಡವರ ಮುಂದೆ ಎದೆ ಸೆಟೆಸಿಕೊಂಡು ನಿಲ್ಲೋದು ಯಾವಾಗ ಕಲಿತೆಯೋ? ಹಿಡಿ ಕೈ!"

ಎಂದು ಬಲಗೈ ಚಾಚಿದೆ.

ನಮ್ಮಲ್ಲಿ ಹಿರಿಯರು ಕೈ ಚಾಚಿದರೆ ಚಿಕ್ಕವರ ತಲೆ ತಾನಾಗಿ ಬಾಗುತ್ತದೆ. ಕೈ ಹಿಡಿದು ಹಣೆಗೆ ಒತ್ತಿಕೊಳ್ಳುತ್ತಾರೆ. ಅದು ನಡೆಯಲು ಕಲಿಯುವಾಗಲೇ ಮೈಗೆ ಹತ್ತುವ ಅಭ್ಯಾಸ, ಯೋಚನೆ ಮಾಡಿ ಮಾಡುವಂಥದ್ದಲ್ಲ. ಜಕಾರ್ತಾದ ದೊಡ್ಡ ಮನುಷ್ಯ, ಅರವತ್ತು ದಾಟಿದವರು, ಬಾಯಿ ತೆರೆದುಕೊಂಡೇ ಸೊಂಟ ಬಗ್ಗಿಸಿ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಒತ್ತಿಕೊಂಡ ಮೇಲೆ ತಾವೇನು ಮಾಡಿದೆವೆಂದು ಅವರಿಗೆ ಗೊತ್ತಾಯಿತು. ಅಷ್ಟರಲ್ಲಿ ಕ್ಯಾಮೆರಾದವನು ಫೋಟೋ ಹೊಡೆದುಕೊಂಡಾಗಿತ್ತು.

ಗಲ್ಲಿಯ ಮುದುಕಿಯರು ಗಳಗಳ ಅತ್ತರು. ಸಾಹೇಬರು ಎದ್ದು ನಿಂತು ಮೈಕು ಕಿತ್ತುಕೊಂಡರು. "ಇಂಥ ಸೇತುವೆಯನ್ನ ಒಡೆಯೋದಾ? ನಾನು ಇರೋವರೆಗೂ ಸಾಧ್ಯವಿಲ್ಲ! ಇದು ಸ್ಮಾರಕ!" ಎಂದರು. ಲಸ್ಮಿನಿ ವೇದಿಕೆಗೆ ಓಡಿಬಂದು ಎಲ್ಲರೆದುರೇ ನನ್ನನ್ನು ಅಪ್ಪಿಕೊಂಡಳು. ಪಿನ್ನುಗಳು ಇಬ್ಬರಿಗೂ ಚುಚ್ಚಿದವು. ನಾನು ಸಿಟ್ಟಿಲ್ಲದೆ ಇದ್ದದ್ದು ಅದೊಂದು ಸಂಜೆ ಮಾತ್ರ.

ಮಳೆಗಾಲ ಶುರುವಾಗುವ ಹೊತ್ತಿಗೆ ಹೆಲ್ಮೆಟ್ಟಿನವನು ಮತ್ತೆ ಬಂದ. ಸೇತುವೆಯ ಮೇಲಿನ ಕೆಂಪು ಗುರುತನ್ನು ಶ್ರದ್ಧೆಯಿಂದ ಉಜ್ಜಿ ತೆಗೆದ. ನಮ್ಮ ಬಿದಿರಿನ ಮೇಲಿನದನ್ನು ಇನ್ನಷ್ಟು ದಪ್ಪ ಮಾಡಿದ.

"ಏಯ್, ಏನೋ ಇದು? ಸೇತುವೆ ಉಳೀತಲ್ಲೋ!"

"ಅದಕ್ಕೇ ಪಾಕ್. ಈಗ ಸ್ಮಾರಕ ಅಲ್ವಾ? ಸ್ಮಾರಕದ ಬುಡದಲ್ಲಿ ರುಜಾಕ್ ಮಾರೋ ಹಾಗಿಲ್ಲ. ಇಲ್ಲಿ ತೋಟ ಬರುತ್ತೆ, ಇಂಜಿನಿಯರ್ ದಂಪತಿಗಳ ಪ್ರತಿಮೆ ಬರುತ್ತೆ."

ನಾನು ಅವನ ಹೆಲ್ಮೆಟ್ಟು ಕಿತ್ತು ನದಿಗೆ ಎಸೆದೆ. ಏನು ಪ್ರಯೋಜನ? ಅವನ ಹಿಂದೆ ಕಾಕಿ ಬಟ್ಟೆಯ ಕಾವಲಿನವರು ಬಂದು ತಗಡು, ಬಿದಿರು, ಬೆಂಚು ಎಲ್ಲ ಲಾರಿಗೆ ಹಾಕಿದರು. ಬೆಂಚು ಹೋದಾಗ ಖೋಲಿಕ್ ಅತ್ತ. ಲಸ್ಮಿನಿ ಒರಳನ್ನು ಮಾತ್ರ ಯಾರಿಗೂ ಮುಟ್ಟಲು ಬಿಡದೆ ಎದೆಗವಚಿಕೊಂಡು ಮನೆಗೆ ತಂದಳು. ನನ್ನನ್ನು ಏನೂ ಅನ್ನಲಿಲ್ಲ. ಅವಳು ಬೈದಿದ್ದರೆ ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆ. ಅಡಿಗೆಮನೆಯಲ್ಲಿ ಒರಳಿನ ಮುಂದೆ ಸುಮ್ಮನೆ ಕೂತಿದ್ದಳು, ನನಗೆ ಅದನ್ನು ನೋಡಲಾಗಲಿಲ್ಲ.

ಪ್ರತಿಮೆಯ ಅನಾವರಣಕ್ಕೆ ನಾನು ಹೋದದ್ದು ಜಗಳ ತೆಗೆಯಬೇಕೆಂದೇ. ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಪ್ರಾಂತ್ಯದ ಕಡೆಯಿಂದ ಯಾರೋ ಭಾರೀ ಅಧಿಕಾರಿ ಬಂದಿದ್ದರು. ಬ್ಯಾಂಡು ಬಾರಿಸಿತು, ಬಟ್ಟೆ ಜಾರಿತು. ಬಂಗಾರದ ಬಣ್ಣ ಬಳಿದ ಸಿಮೆಂಟಿನ ಇಂಜಿನಿಯರರು ಕೊಡೆ ಹಿಡಿದು ನಿಂತಿದ್ದರು. ಅವರ ಪಕ್ಕದಲ್ಲಿ, ಕೆಬಾಯ ತೊಟ್ಟು, ತುರುಬು ಕಟ್ಟಿ, ಹುಬ್ಬು ಗಂಟಿಕ್ಕಿ, ಒಂದು ಕೈ ಮುಂದೆ ಚಾಚಿ, ಇನ್ನೇನು ಬೈಯಬೇಕೆಂದು ಬಾಯಿ ತೆರೆದು ನಿಂತಿದ್ದವನು ನಾನು.

ಗಲ್ಲಿಯವರು ಒಮ್ಮೆ ಪ್ರತಿಮೆಯನ್ನು, ಒಮ್ಮೆ ನನ್ನನ್ನು ನೋಡಿದರು. "ಹೋಲಿಕೆ ಅಂದ್ರೆ ಇದು," ಎಂದ ತಾರ್ಮುಜಿ.

ನಾನು ನೇರ ಸಾಹೇಬರ ಹತ್ತಿರ ನುಗ್ಗಿದೆ. "ಪಾಕ್, ಅದು ನಾನು!"

ಸಾಹೇಬರು ನನ್ನನ್ನು ಮರೆಗೆ ಎಳೆದುಕೊಂಡು ಹೋದರು. ಅವರ ಮುಖ ಬಿಳಚಿಕೊಂಡಿತ್ತು. "ಮೆಲ್ಲಗೆ ಮಾತಾಡಿ ಚಾಕ್. ಪ್ರತಿಮೆ ಮಾಡೋನಿಗೆ ಆ ಹೆಂಗಸಿನ ಫೋಟೋ ಬೇಕಿತ್ತು. ಕಚೇರೀಲಿ ಇದ್ದದ್ದು ಅದೊಂದೇ. ಸ್ವಂತ ಮೊಮ್ಮಗನೇ ಕೈ ಹಿಡಿದು ನಮಸ್ಕಾರ ಮಾಡ್ತಿರೋ ಫೋಟೋ ಅದು. ಅವನು ಅಜ್ಜಿ ಅಂತ್ಲೇ ತಿಳ್ಕೊಂಡ."

"ಹಾಗಾದ್ರೆ ಮೊಮ್ಮಗನನ್ನೇ ಕೇಳಿ!"

ಹಾರ್ದೊನೊ ಅಲ್ಲೇ ಇದ್ದರು. ನನ್ನ ಕಡೆ ನೋಡದೆ ಆಕಾಶ ನೋಡುತ್ತ ಹೇಳಿದರು: "ಅದು ನಮ್ಮ ಅಜ್ಜಿಯೇ. ನಾನು ತಲೆಬಾಗಿದ ಫೋಟೋ ಪೇಪರಲ್ಲಿ ಬಂದಿದೆ. ಅದು ಅಜ್ಜಿ ಅಲ್ಲ ಅಂದ್ರೆ ನಾನು ತಲೆಬಾಗಿದ್ದು ಯಾರಿಗೆ? ಹೊಲಿಗೆ ಯಂತ್ರ ರಿಪೇರಿಯವನಿಗಾ? ಅದು ಅಜ್ಜಿ. ಮಾತು ಮುಗೀತು."

ಹೀಗೆ ನನ್ನ ಮುಖ ನನ್ನದಲ್ಲವೆಂದು ತೀರ್ಮಾನವಾಯಿತು. ಅಷ್ಟಕ್ಕೇ ಮುಗಿದಿದ್ದರೆ ತಡೆದುಕೊಳ್ಳುತ್ತಿದ್ದೆ. ವಾರ ಕಳೆಯುವುದರೊಳಗೆ ಹೊಸದಾಗಿ ಮದುವೆಯಾದ ಹುಡುಗಿಯರು ಬಂದು ಪ್ರತಿಮೆಯ ಕೈ ಹಿಡಿದು ಹಣೆಗೆ ಒತ್ತಿಕೊಳ್ಳಲು ಶುರುಮಾಡಿದರು. ಹಾಗೆ ಮಾಡಿದರೆ ಗಂಡ ಹತೋಟಿಯಲ್ಲಿರುತ್ತಾನಂತೆ. ಈ ಮಾತು ಹುಟ್ಟಿಸಿದವನು ಕೈಗೆ ಸಿಕ್ಕರೆ ನಾನು ಬಿಡುವುದಿಲ್ಲ. ನಾನು ಸೇತುವೆ ದಾಟುವಾಗ ತಲೆ ತಗ್ಗಿಸಿ ಓಡುತ್ತಿದ್ದೆ.

ಲಸ್ಮಿನಿ ಒಂದು ದಿನ ಬೆಳಗ್ಗೆ ಒರಳನ್ನು ಸೊಂಟಕ್ಕೆ ಏರಿಸಿಕೊಂಡು ಹೊರಟಳು. ಎಲ್ಲಿಗೆಂದರೆ ಹೇಳಲಿಲ್ಲ. ನಾನು ಹಿಂದೆಯೇ ಓಡಿದೆ. ಅವಳು ಹೊಸ ತೋಟಕ್ಕೆ ಹೋಗಿ, ಸರಪಳಿ ದಾಟಿ, ಪ್ರತಿಮೆಯ ಕಾಲಬುಡದಲ್ಲಿ, ಅಂದರೆ ನನ್ನ ಕಾಲಬುಡದಲ್ಲಿ, ಒರಳಿಟ್ಟು ಅರೆಯಲು ಕೂತಳು. ವಾಸನೆ ಹರಡಿತು. ಸೇತುವೆಯ ಮೇಲೆ ಕಾಲುಗಳು ನಿಂತವು. ಕಾಕಿಯವರೂ ಓಡಿಬಂದರು.

"ಅಮ್ಮಾ, ಬೂ, ಇಲ್ಲಿ ಕೂರೋ ಹಾಗಿಲ್ಲ. ಏಳಿ, ಏಳಿ!"

"ಯಾಕೆ ಏಳ್ಬೇಕು? ಗಂಡನ ಕಾಲಬುಡದಲ್ಲಿ ಹೆಂಡ್ತಿ ಕೂರೋಕೂ ಕಾಗದ ಬೇಕಾ?"

"ಯಾವ ಗಂಡ ಬೂ? ಅದು ಇಂಜಿನಿಯರ್ ಸಾಹೇಬ್ರ ಹೆಂಡ್ತಿ."

"ಹೌದಾ?" ಲಸ್ಮಿನಿ ಅರೆಯುವುದನ್ನು ನಿಲ್ಲಿಸಲೇ ಇಲ್ಲ. "ಹಾಗಾದ್ರೆ ನಿಮ್ಮ ಸಾಹೇಬ್ರನ್ನ ಇಲ್ಲಿಗೆ ಕರೀರಿ. ಪ್ರಾಂತ್ಯದಿಂದ ಬಂದು ಬಟ್ಟೆ ಎಳೆದರಲ್ಲ, ಅವರನ್ನೂ ಕರೀರಿ. ಜಕಾರ್ತಾದ ಮೊಮ್ಮಗನನ್ನೂ ಕರೀರಿ. ನಾನು ನನ್ನ ಗಂಡನಿಗೆ ಕೆಬಾಯ ತೊಡಿಸಿ ಪಕ್ಕದಲ್ಲಿ ನಿಲ್ಲಿಸ್ತೀನಿ. ಪೇಪರಿನವರು ಬಂದು ಎರಡನ್ನೂ ನೋಡ್ಲಿ. ಆಮೇಲೆ ಏಳು ಅಂದ್ರೆ ಏಳ್ತೀನಿ."

ಕಾಕಿಯವನು ಸಾಹೇಬರಿಗೆ ಫೋನು ಮಾಡಿದ. "ಹೂಂ ಪಾಕ್... ಹೂಂ ಪಾಕ್..." ಎನ್ನುತ್ತ ಅವನ ದನಿ ಸಣ್ಣದಾಗುತ್ತಾ ಹೋಯಿತು. ಫೋನು ಜೇಬಿಗಿಟ್ಟು, ಬೂಟಿನ ತುದಿ ನೋಡುತ್ತ, "ಕೂತ್ಕೊಳ್ಳಿ ಬೂ. ಖಾರ ಸ್ವಲ್ಪ ಕಡಿಮೆ ಹಾಕಿ ಒಂದು ತಟ್ಟೆ ಕೊಡಿ" ಎಂದ.

ಅವತ್ತಿನಿಂದ ಅಂಗಡಿ ಅಲ್ಲೇ ಇದೆ. ವ್ಯಾಪಾರ ಮೊದಲಿಗಿಂತ ಜೋರು. ಆದರೆ ಕಾಕಿಯವರು ಆಗಾಗ ಬದಲಾಗುತ್ತಾರೆ. ಹೊಸಬನಿಗೆ ಸಂಗತಿ ಗೊತ್ತಿರುವುದಿಲ್ಲ, ಬಂದು ಗದರುತ್ತಾನೆ. ಆಗ ಖೋಲಿಕ್ ಗಲ್ಲಿಯೊಳಗೆ ಓಡಿಬಂದು "ಭಾವ, ಕರೀತಾಳೆ!" ಎಂದು ಕೂಗುತ್ತಾನೆ. ನಾನು ಕೈಯಲ್ಲಿದ್ದ ಹೊಲಿಗೆ ಯಂತ್ರ ಬಿಟ್ಟು, ಹಲ್ಲು ಕಡಿಯುತ್ತ, ಎಲ್ಲರನ್ನೂ ಶಪಿಸುತ್ತ ಕೆಬಾಯ ತೊಟ್ಟು, ತುರುಬು ಕಟ್ಟಿಕೊಂಡು, ನಡುಹಗಲಲ್ಲಿ ಇಡೀ ಗಲ್ಲಿಯ ಎದುರು ನಡೆದುಹೋಗಿ ನನ್ನ ಪಕ್ಕದಲ್ಲಿ ನಾನು ನಿಲ್ಲಬೇಕು. ಹೊಸಬ ಅದನ್ನು ನೋಡುತ್ತಾನೆ, ಇದನ್ನು ನೋಡುತ್ತಾನೆ.

ನಿನ್ನೆಯೂ ಹಾಗೇ ಹೋಗಿ ನಿಂತಿದ್ದೆ. ಹಿಂದಿನ ದಿನ ವ್ಯಾಪಾರ ಚೆನ್ನಾಗಿತ್ತು, ನಿದ್ದೆಯೂ ಚೆನ್ನಾಗಿ ಬಂದಿತ್ತು, ಎಲ್ಲೋ ಮುಖ ಸ್ವಲ್ಪ ಸಡಿಲವಾಗಿತ್ತೆಂದು ಕಾಣುತ್ತದೆ. ಕಾಕಿಯವನು ತಲೆ ಕೆರೆದುಕೊಂಡು, "ಅಷ್ಟೇನೂ ಹೋಲಲ್ಲವಲ್ಲ" ಎಂದ.

ಲಸ್ಮಿನಿ ಒರಳಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು.

"ಪಾಕ್, ಏನ್ ನಿಂತಿದೀರಾ ಹಾಗೆ? ಸ್ವಲ್ಪ ಸಿಟ್ಟು ಮಾಡ್ಕೊಳ್ಳಿ!"